ಚಳಿಯಿಲ್ಲದ ಊರಿನ ಹೀಟರ್

ಮುಂಬಯಿಯಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.4 ಡಿಗ್ರಿ ಸೆಲ್ಸಿಯಸ್. ಅದು 1962ರ ಜನವರಿಯ ಮಾತು. ಅಂಥ ದಿನ ಮತ್ತೆ ಬಂದಿಲ್ಲ. ಆದರೆ ಘಾಟ್ಕೋಪರಿನ ಪಂತ್‌ನಗರ, ಲಕ್ಷ್ಮೀನಗರಗಳಲ್ಲಿ ಮೆಟ್ರೊ ನಾಲ್ಕನೇ ಮಾರ್ಗಕ್ಕಾಗಿ ನೆಲ ಅಗೆದಂಥ ಯಂತ್ರಗಳ ಬಿಡಿಭಾಗಗಳ ಪುಸ್ತಕ ತೆರೆದರೆ, ಎಷ್ಟೋ ಕಡೆ ‘ಹೀಟರ್’ ಎಂಬ ಶೀರ್ಷಿಕೆಯ ಕೆಳಗೆ ಒಂದು ಫ್ಯಾನ್ ಮೋಟಾರ್ ಸಿಗುತ್ತದೆ. ಕೈಯಲ್ಲಿ ಹಿಡಿಯುವಷ್ಟು ಗಾತ್ರ, 24 ವೋಲ್ಟ್. ಚಳಿಯೇ ಇಲ್ಲದ ಊರಿನಲ್ಲಿ ಇದನ್ನು ಬದಲಿಸುವ ಕೆಲಸ ಏಕೆ ಬರುತ್ತದೆ?

ಉತ್ತರ ಹುಡುಕಲು ಅಮೆರಿಕದ ಕಾರುಗಳತ್ತ ಹೋಗಬೇಕು. ಎಂಜಿನ್ ತಂಪಾಗಿಸುವ ನೀರು ಹೇಗೂ ಬಿಸಿಯಾಗಿರುತ್ತದೆ. ಅದನ್ನೇ ಸಣ್ಣದೊಂದು ರೇಡಿಯೇಟರಿಗೆ ಹರಿಸಿ, ಹಿಂದಿನಿಂದ ಫ್ಯಾನ್ ತಿರುಗಿಸಿದರೆ ಒಳಗೆ ಕೂತವರಿಗೆ ಬೆಚ್ಚನೆಯ ಗಾಳಿ. ಮೊದಮೊದಲ ಹೀಟರುಗಳು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿದ್ದವು. 1938ರಲ್ಲಿ ನ್ಯಾಶ್ ಎಂಬ ಕಾರು ಕಂಪನಿ ಹೊರಗಿನ ಗಾಳಿಯನ್ನು ಸೋಸಿ ಒಳಗೆ ತಳ್ಳುವ ಏರ್ಪಾಡು ಮಾಡಿತು. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಾದ್ದರಿಂದ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತಿತ್ತೇ ಹೊರತು ಧೂಳು ಒಳಗೆ ಬರುತ್ತಿರಲಿಲ್ಲ. ಬಿಸಿಗಾಗಿ ಹುಟ್ಟಿದ ಫ್ಯಾನು ಎರಡನೆಯ ಕೆಲಸ ಕಲಿತದ್ದು ಹೀಗೆ.

ಮಣ್ಣು ಅಗೆಯುವ ಯಂತ್ರಗಳಿಗೆ ಮುಚ್ಚಿದ ಕ್ಯಾಬಿನ್ ಬಂದದ್ದು ತಡವಾಗಿ. ಬಹುಕಾಲ ಆಪರೇಟರ್ ಬಿಸಿಲಿಗೂ ಧೂಳಿಗೂ ಮೈಯೊಡ್ಡಿ ಕೂತಿರುತ್ತಿದ್ದ. ಇದ್ದರೆ ತಲೆಯ ಮೇಲೊಂದು ತಗಡು. ಗಾಜಿನ ಕ್ಯಾಬಿನ್ ಮೊದಲು ಬೇಕಾದದ್ದು ಹಿಮದ ದೇಶಗಳಿಗೆ, ಅದರ ಜೊತೆಗೆ ಹೀಟರ್. ನಮ್ಮಲ್ಲಿಗೆ ಬಂದ ಯಂತ್ರಗಳ ತವರೂ ಅಂಥ ದೇಶಗಳೇ. ನಮ್ಮ ಮಾತಿನಲ್ಲೇ ಅದರ ಗುರುತಿದೆ. ಮುಂಬಯಿಯವರು ಎಕ್ಸ್‌ಕವೇಟರನ್ನು ‘ಪೊಕ್ಲೇನ್’ ಎನ್ನುತ್ತಾರೆ. ಅದು ಫ್ರಾನ್ಸಿನ ಕಂಪನಿಯ ಹೆಸರು, ಎಲ್ ಅಂಡ್ ಟಿ 1970ರ ದಶಕದಲ್ಲಿ ಅದರ ತಂತ್ರಜ್ಞಾನ ತಂದಿತು. ಕರ್ನಾಟಕದ ಹಳ್ಳಿಗಳಲ್ಲಿ ಅದೇ ಯಂತ್ರ ‘ಹಿಟಾಚಿ’. ಅದು ಜಪಾನಿನ ಕಂಪನಿ, ಅದರ ಸಹಯೋಗದ ಟಾಟಾ ಕಾರ್ಖಾನೆ ಧಾರವಾಡದಲ್ಲೇ ಇದೆ. ಹಿಂದೆ ತೋಡುವ ಕೈ, ಮುಂದೆ ಬಕೆಟ್ ಇರುವುದು ‘ಜೆಸಿಬಿ’, ಇಂಗ್ಲೆಂಡಿನದು. ಕಂಪನಿಯ ಹೆಸರು ಯಂತ್ರದ ಹೆಸರಾದಂತೆ, ಹೀಟರ್ ಎಂಬ ಹೆಸರೂ ಫ್ಯಾನಿಗೆ ಅಂಟಿಕೊಂಡು ಬಂತು.

ಭಾರತದಲ್ಲೂ ಆ ಹೆಸರಿಗೆ ತಕ್ಕ ಜಾಗಗಳಿವೆ. 1960ರಲ್ಲಿ ಗಡಿ ರಸ್ತೆಗಳ ಸಂಸ್ಥೆ ಹುಟ್ಟಿತು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಬುಲ್ಡೋಜರುಗಳು ತಯಾರಾಗುವುದು ಕೆಜಿಎಫ್‌ನಲ್ಲಿ. ಕೋಲಾರದ ಬಿಸಿಲಲ್ಲಿ ಕಟ್ಟಿದ ಯಂತ್ರ ಲಡಾಖಿನ ದಾರಿಯಲ್ಲಿ ಹಿಮ ಸರಿಸುವಾಗ ಹೀಟರ್ ಫ್ಯಾನ್ ನಿಂತರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಬೆರಳು ಮರಗಟ್ಟುತ್ತದೆ. ಅಲ್ಲಿ ಅದು ಜೀವ ಉಳಿಸುವ ಭಾಗ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಘಾಟ್ಕೋಪರಿನಲ್ಲಿ ಬಿಡಿಸಿ ಹೇಳಬೇಕು. ಇಲ್ಲಿ ಬಿಸಿನೀರಿನ ವಾಲ್ವ್ ಮುಚ್ಚಿರುತ್ತದೆ. ಕೆಲವು ಯಂತ್ರಗಳಲ್ಲಿ ಬಿಸಿ ಮಾಡುವ ಕಾಯಿಲೇ ಇರುವುದಿಲ್ಲ. ಆದರೆ ಎಸಿಯ ತಂಪು ಕಾಯಿಲಿನ ಮೇಲೆ ಗಾಳಿ ಹಾಯಿಸುವುದೂ ಇದೇ ಫ್ಯಾನು, ಫಿಲ್ಟರಿನ ಮೂಲಕ ಹೊರಗಾಳಿ ಎಳೆದು ಒತ್ತಡ ಕಾಯುವುದೂ ಇದೇ. ಆ ಒತ್ತಡಕ್ಕೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಕೇವಲ 50 ಪಾಸ್ಕಲ್, ಅಂದರೆ ಐದು ಮಿಲಿಮೀಟರ್ ನೀರಿನ ಭಾರದಷ್ಟು. ಅಷ್ಟು ಸಾಕು ಸಿಮೆಂಟು, ಕಲ್ಲುಪುಡಿಯನ್ನು ಬಾಗಿಲಾಚೆ ನಿಲ್ಲಿಸಲು.

ಘಾಟ್ಕೋಪರ್–ಮಾನ್‌ಖುರ್ದ್ ಜೋಡುರಸ್ತೆಯ ಪಕ್ಕದಲ್ಲಿ ದೇವನಾರ್ ಕಸದ ಗುಡ್ಡವಿದೆ. 1927ರಿಂದ ಮುಂಬಯಿ ತನ್ನ ಕಸ ಸುರಿಯುತ್ತ ಬಂದ ಜಾಗ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಂಡಿತು. ಇಂಥ ಗುಡ್ಡದ ಮೇಲೆ ಕಸ ಸಮ ಮಾಡುವ ಡೋಜರಿನ ಫ್ಯಾನ್ ನಿಂತರೆ, ಬಿಸಿಲಿಗೆ ಕಾದ ಗಾಜಿನ ಪೆಟ್ಟಿಗೆಯಲ್ಲಿ ಆಪರೇಟರ್‌ಗೆ ಎರಡೇ ದಾರಿ: ಬೇಯುವುದು, ಇಲ್ಲವೇ ಬಾಗಿಲು ತೆರೆದು ಅದೆಲ್ಲವನ್ನೂ ಉಸಿರಾಡುವುದು.

ಮೋಟಾರ್ ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಬ್ಯಾಟರಿ ತಪ್ಪಿಸಿ, ಸಾಮಾನ್ಯವಾಗಿ ಸೀಟಿನ ಹಿಂದೆಯೋ ಕೆಳಗೋ ಇರುವ ಹೊದಿಕೆ ಬಿಚ್ಚಿ, ಕನೆಕ್ಟರ್ ಕಳಚಿ, ಮೂರು-ನಾಲ್ಕು ಸ್ಕ್ರೂ ತೆಗೆದರೆ ಮೋಟಾರ್ ಕೈಗೆ ಬರುತ್ತದೆ. ಅನುಭವಿ ಮೆಕ್ಯಾನಿಕ್ ಬಿಚ್ಚುವ ಮುಂಚೆಯೇ ಫ್ಯೂಸ್ ನೋಡಿ, ಕನೆಕ್ಟರಿಗೆ ವೋಲ್ಟೇಜ್ ಬರುತ್ತಿದೆಯೇ ಎಂದು ಮೀಟರ್ ಹಿಡಿಯುತ್ತಾನೆ. ಗರಿಷ್ಠ ವೇಗದಲ್ಲಿ ಮಾತ್ರ ಓಡುವ ಫ್ಯಾನಿನ ದೋಷ ಬಹುತೇಕ ಮೋಟಾರಿನದಲ್ಲ, ವೇಗ ಇಳಿಸುವ ರೆಸಿಸ್ಟರಿನದು. ಅದನ್ನು ತಂಪಾಗಿಡುವುದು ಫ್ಯಾನಿನ ಗಾಳಿಯೇ. ಫಿಲ್ಟರ್ ಕಟ್ಟಿಕೊಂಡರೆ ಅದು ಸುಡುತ್ತದೆ. ಧೂಳು ಬೇರಿಂಗನ್ನೂ ಕಾರ್ಬನ್ ಬ್ರಷ್ಷನ್ನೂ ತಿನ್ನುತ್ತದೆ. ಹಾಗಾಗಿ ಫಿಲ್ಟರ್ ಶುಚಿ ಮಾಡದೆ ಹೊಸ ಮೋಟಾರ್ ಕೂರಿಸಿದರೆ ಅದೇ ಕೆಲಸ ಬೇಗ ಮರಳಿ ಬರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಹೈಡ್ರಾಲಿಕ್ ಪೈಪ್ ಒಡೆದರೆ ಯಂತ್ರ ನಿಲ್ಲುತ್ತದೆ, ಬಾಡಿಗೆ ನಿಲ್ಲುತ್ತದೆ, ಮೆಕ್ಯಾನಿಕ್ ಓಡಿ ಬರುತ್ತಾನೆ. ಈ ಮೋಟಾರ್ ಸುಟ್ಟರೆ ಯಂತ್ರ ನಿಲ್ಲುವುದಿಲ್ಲ. ಬಕೆಟ್ ಏಳುತ್ತದೆ, ಗಂಟೆಗಳು ಎಣಿಕೆಯಾಗುತ್ತವೆ. ಹೀಗಿರುವಾಗ ‘ಮುಂಬಯಿಯಲ್ಲಿ ಹೀಟರ್ ಯಾಕೆ’ ಎಂಬ ಪ್ರಶ್ನೆ ಸಲೀಸಾಗಿ ಬರುತ್ತದೆ, ರಿಪೇರಿ ಮುಂದಕ್ಕೆ ಹೋಗುತ್ತದೆ.

2023ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, 3.5 ಟನ್ನಿಗೆ ಮೇಲ್ಪಟ್ಟ ಹೊಸ ಟ್ರಕ್ಕುಗಳ ಕ್ಯಾಬಿನ್ನಿಗೆ 2025ರಿಂದ ಎಸಿ ಕಡ್ಡಾಯ ಎಂದು ಅಧಿಸೂಚನೆ ಹೊರಡಿಸಿತು. ಗಾಜಿನೊಳಗಿನ ಗಾಳಿ ಐಷಾರಾಮವಲ್ಲ, ಕೆಲಸದ ಸಲಕರಣೆ ಎಂದು ಕಾನೂನು ಒಪ್ಪಿದ ಗಳಿಗೆ ಅದು. ಆದರೆ ಆ ನಿಯಮ ಹೇಳುವುದು ಹೊಸ ಗಾಡಿ ಕಾರ್ಖಾನೆಯಿಂದ ಹೊರಬರುವಾಗ ಏನಿರಬೇಕೆಂದು. ಐದು ವರ್ಷ ಧೂಳು ಕುಡಿದ ಎಕ್ಸ್‌ಕವೇಟರಿನ ಮೋಟಾರನ್ನು ಇವತ್ತು ಬದಲಿಸಬೇಕೋ ಮುಂದಿನ ತಿಂಗಳೋ ಎಂದು ತೀರ್ಮಾನಿಸುವವನು ಅದರ ಮಾಲೀಕ. ಆತ ಆ ಕ್ಯಾಬಿನ್ನಿನಲ್ಲಿ ಕೂರುವವನಲ್ಲ.