ಅಕ್ಕಪಕ್ಕದ ಎರಡು ಸ್ವಿಚ್‌ಗಳ ಕಥೆ

ಮೊನ್ನೆ ಅಜ್ಜಿ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆ. ಮ್ಯೂಟ್ ಒತ್ತೋಕೆ ಹೋಗಿ ಕಾಲ್ ಕಟ್ ಮಾಡಿಬಿಟ್ಟೆ. ಆ್ಯಪ್ ಅಪ್‌ಡೇಟ್ ಆಗಿ ಬಟನ್‌ಗಳ ಜಾಗ ಬದಲಾಗಿತ್ತು. ನನ್ನ ಬೆರಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಅಜ್ಜಿ ಎರಡು ದಿನ ಮುನಿಸಿಕೊಂಡ್ರು. ಇದೇ ತಪ್ಪು ವಿಮಾನದಲ್ಲಿ ಆದ್ರೆ?

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಬಿ-17 ಬಾಂಬರ್ ಸರಿಯಾಗೇ ನೆಲಕ್ಕಿಳಿದು ರನ್‌ವೇ ಮೇಲೆ ಓಡ್ತಿರುತ್ತೆ. ಆಗ ಪೈಲಟ್ ಚಕ್ರಗಳನ್ನೇ ಒಳಗೆ ಮಡಚಿಬಿಡ್ತಾನೆ! ವಿಮಾನ ಹೊಟ್ಟೆ ಮೇಲೆ ಕೂರುತ್ತೆ. ಹೀಗಾಗಿದ್ದು ಒಂದೆರಡು ಸಲ ಅಲ್ಲ. ಪ್ರತಿ ಸಲವೂ ಕಾರಣ ಅಂತ ಬರೆಯುತ್ತಿದ್ದದ್ದು 'ಪೈಲಟ್ ತಪ್ಪು'.

ಇದನ್ನು ನಂಬದವನು ಅಲ್ಫಾನ್ಸ್ ಚಪಾನಿಸ್ ಅನ್ನೋ ಯುವ ಮನೋವಿಜ್ಞಾನಿ. ಕಾಕ್‌ಪಿಟ್ ನೋಡಿದ. ರೆಕ್ಕೆಯ ಫ್ಲಾಪ್‌ಗೊಂದು ಸ್ವಿಚ್, ಚಕ್ರಕ್ಕೊಂದು ಸ್ವಿಚ್. ಎರಡೂ ಅಕ್ಕಪಕ್ಕ, ಎರಡೂ ಒಂದೇ ಥರ. ಇಳಿದ ಮೇಲೆ ಫ್ಲಾಪ್ ಎತ್ತಬೇಕು. ಆದ್ರೆ ಪೈಲಟ್‌ನ ಗಮನವೆಲ್ಲ ರನ್‌ವೇ ಮೇಲೆ, ಬ್ರೇಕ್ ಮೇಲೆ. ಕೈ ತನ್ನಷ್ಟಕ್ಕೆ ಹುಡುಕುತ್ತೆ, ಸಿಕ್ಕಿದ್ದನ್ನು ಒತ್ತುತ್ತೆ. ಸಿ-47 ವಿಮಾನದಲ್ಲಿ ಈ ಎರಡು ನಿಯಂತ್ರಣಗಳು ಬೇರೆ ಬೇರೆ ಥರ ಇದ್ದವು. ಅಲ್ಲಿ ಈ ಕಾಟವೇ ಇರಲಿಲ್ಲ.

ಚಪಾನಿಸ್ ಮಾಡಿದ್ದೇನು ಗೊತ್ತಾ? ಚಕ್ರದ ಸ್ವಿಚ್‌ಗೆ ಪುಟ್ಟ ರಬ್ಬರ್ ಚಕ್ರ, ಫ್ಲಾಪ್ ಸ್ವಿಚ್‌ಗೆ ಬೆಣೆಯಾಕಾರದ ತುಂಡು. ಅಷ್ಟೇ. ಕಣ್ಣು ಬೇರೆಡೆ ಇದ್ದರೂ ಬೆರಳಿಗೆ ಗೊತ್ತಾಗಬೇಕು.

1947ರಲ್ಲಿ ಪಾಲ್ ಫಿಟ್ಸ್, ರಿಚರ್ಡ್ ಜೋನ್ಸ್ ಇಂಥ 460 'ಪೈಲಟ್ ತಪ್ಪು'ಗಳನ್ನು ಬಿಡಿಸಿ ನೋಡಿದ್ರು. ಸುಮಾರು ಅರ್ಧದಷ್ಟು, ಒಂದರ ಬದಲು ಇನ್ನೊಂದನ್ನು ಹಿಡಿದದ್ದು.

ಒಳಗೆ ಏನಾಗುತ್ತೆ ಅನ್ನೋದಕ್ಕೆ ಒಂದು ವಿವರಣೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. 1998ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೊಮ್ಮೆಲ್ ಹೇಳಿದ್ದು: ನೋಡಿದ ಬಣ್ಣ, ಆಕಾರ, ಜಾಗ ಮತ್ತು ಆಗ ಮಾಡಿದ ಕೆಲಸ, ಎಲ್ಲವನ್ನೂ ಮಿದುಳು ಒಂದು ಗಂಟು ಕಟ್ಟಿ ಇಡುತ್ತೆ. ಮುಂದೆ ಅದರಲ್ಲಿ ಒಂದು ಕಂಡರೂ ಸಾಕು, ಆ ಕೆಲಸವೂ ಎಳೆದುಕೊಂಡು ಬರುತ್ತೆ. ಯಾವ ಗುಣ ಗಂಟಿನೊಳಗೆ ಗಟ್ಟಿಯಾಗಿ ಕೂರುತ್ತೆ ಅನ್ನೋದು ಗಮನ ಎಲ್ಲಿತ್ತು ಅನ್ನೋದರ ಮೇಲೆ. ನನ್ನ ಬೆರಳು ಕಟ್ಟಿಕೊಂಡಿದ್ದು ಬಟನ್‌ನ ಜಾಗವನ್ನು, ಬಣ್ಣವನ್ನಲ್ಲ.

ಇವತ್ತಿಗೂ ದೊಡ್ಡ ವಿಮಾನಗಳಲ್ಲಿ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇರಬೇಕು, ಅಮೆರಿಕದಲ್ಲಿ ಅದು ನಿಯಮ.

ಇದನ್ನೆಲ್ಲ ಅಜ್ಜಿಗೆ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದ್ರು: "ನೋಡ್ಕೊಂಡು ಒತ್ತಕ್ಕೆ ನಿಂಗೇನೋ ಕಷ್ಟ?"