ತಿಂಗಳು ಸಣ್ಣದಾದ ಕಥೆ

ತಿಂಗಳಿಗೆ ಎಷ್ಟು ದಿನ ಎಂದು ಕೇಳಿ ನೋಡಿ. ಪಂಚಾಂಗ ಬಲ್ಲವರು ಇಪ್ಪತ್ತೊಂಬತ್ತೂವರೆ ಎನ್ನುತ್ತಾರೆ. ಶಾಲೆಯ ಮಕ್ಕಳು ಮುಷ್ಟಿ ಕಟ್ಟಿ, ಗೆಣ್ಣಿನ ಉಬ್ಬು ತಗ್ಗು ಎಣಿಸಿ ಮೂವತ್ತೊಂದು, ಮೂವತ್ತು ಎಂದು ಒಪ್ಪಿಸುತ್ತಾರೆ. ಮೊಬೈಲ್ ಅಂಗಡಿಯವನು ಮಾತ್ರ ಗೆಣ್ಣನ್ನೂ ನೋಡದೆ, ಪಂಚಾಂಗವನ್ನೂ ತೆರೆಯದೆ, ಇಪ್ಪತ್ತೆಂಟು ಎಂದುಬಿಡುತ್ತಾನೆ. ವರ್ಷದ ಹನ್ನೆರಡರಲ್ಲಿ ಹನ್ನೊಂದು ತಿಂಗಳು ಅವನ ಮಾತು ತಪ್ಪು. ಆದರೂ ನಡೆಯುವುದು ಅವನ ಮಾತೇ.

ತಿಂಗಳು ಎಂದರೆ ಮೊದಲಿಗೆ ಆಕಾಶದ ಚಂದ್ರನೇ. ಹಳಗನ್ನಡದ ಕವಿಗಳು ತಿಂಗಳ್ ಎಂದು ತಲೆಯೆತ್ತಿ ನೋಡಿ ಬರೆದದ್ದು ಅವನನ್ನು. ತಮಿಳರೂ ಮಲಯಾಳಿಗಳೂ ಸೋಮವಾರಕ್ಕೆ ಈಗಲೂ ತಿಂಗಳಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ತುಳುವರ ತಿಂಗೊಳು ಇದರ ಒಡಹುಟ್ಟು. ಕನ್ನಡದಲ್ಲಿ ಚಂದ್ರನೆಂಬ ಸಂಸ್ಕೃತದ ಅತಿಥಿ ಬಂದು ಮೇಲಿನ ಜಾಗ ಹಿಡಿದುಕೊಂಡ. ತಿಂಗಳು ಕೆಳಗಿಳಿದು ಗೋಡೆಯ ಕ್ಯಾಲೆಂಡರ್ ಸೇರಿಕೊಂಡಿತು. ಹಳೆಯ ಅರ್ಥ ಉಳಿದಿರುವುದು ಬೆಳದಿಂಗಳಿನಲ್ಲಿ. ಅಲ್ಲಿಯೂ ಸಂಧಿ ಬಿಡಿಸಿ ಹೇಳುವ ಮೇಷ್ಟರು ಇಲ್ಲದಿದ್ದರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕೆಳಗಿಳಿದ ಮೇಲೆ ಪದಕ್ಕೆ ಕೈತುಂಬ ಕೆಲಸ ಸಿಕ್ಕಿತು. ತಿಂಗಳ ಸಂಬಳ, ತಿಂಗಳ ಬಾಡಿಗೆ, ತಿಂಗಳ ಸಾಮಾನು, ತಿಂಗಳ ಚೀಟಿ. ಒಂಬತ್ತು ತಿಂಗಳು ಹೊತ್ತು ಹೆತ್ತವಳು, ಆರು ತಿಂಗಳ ಕೂಸು, ತಿಂಗಳುಗಟ್ಟಲೆ ಅಲೆಸುವ ಕಚೇರಿ. ಲೆಕ್ಕ ಎಲ್ಲ ಕಡೆಯೂ ಒಂದೇ ಥರ ಇರಲಿಲ್ಲ. ಬಯಲುಸೀಮೆಯವರಿಗೆ ಅಮಾವಾಸ್ಯೆಗೆ ತಿಂಗಳು ಮುಗಿದರೆ, ಕರಾವಳಿಯವರಿಗೆ ಸಂಕ್ರಮಣಕ್ಕೆ ಮುಗಿಯುತ್ತದೆ. ಸಂಬಳದವರಿಗೆ ಒಂದನೇ ತಾರೀಖೇ ಸಂಕ್ರಮಣ. ಹೇಗೇ ಎಣಿಸಿದರೂ ಕೊಡುವವನ ತಿಂಗಳು, ತೆಗೆದುಕೊಳ್ಳುವವನ ತಿಂಗಳು ಎಂದು ಎರಡಿರಲಿಲ್ಲ. ಸಂಬಳ ಬರುವ ತಿಂಗಳೂ ಬಾಡಿಗೆ ಕೊಡುವ ತಿಂಗಳೂ ಒಂದೇ ಆಗಿತ್ತು. ಕೈ ಬಿಗಿಯಾಗುವುದು ಇಪ್ಪತ್ತರ ಆಚೆಗೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ದಿನಸಿ ಅಂಗಡಿಯವನ ಸಾಲದ ಪುಸ್ತಕವೂ ಅದಕ್ಕೆ ತಕ್ಕಂತೆಯೇ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಈ ಒಪ್ಪಂದವನ್ನು ಸದ್ದಿಲ್ಲದೆ ಮುರಿದದ್ದು ಮೊಬೈಲ್ ಪ್ಲಾನು. ಇಪ್ಪತ್ತೆಂಟು ದಿನವೆಂದರೆ ನಾಲ್ಕು ವಾರ, ಹಾಕಿಸಿದ ವಾರವೇ ಮತ್ತೆ ಬರುತ್ತದೆ, ನೆನಪಿಡುವುದು ಸಲೀಸು ಎಂಬ ಸಮರ್ಥನೆಯೂ ಉಂಟು. ನಮ್ಮಲ್ಲಿ ಸೋಮವಾರಕ್ಕೆ ಸಂಬಳ ಕೊಡುವ ಆಫೀಸು ಯಾವುದಿದೆಯೋ ಕಾಣೆ. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿದರೆ ಮುನ್ನೂರ ಅರವತ್ತನಾಲ್ಕು. ಅಂದರೆ ವರ್ಷಕ್ಕೆ ಹದಿಮೂರು ರೀಚಾರ್ಜ್. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದಾಗ ಜಿಯೋದ 239 ರೂಪಾಯಿಯ ಇಪ್ಪತ್ತೆಂಟು ದಿನದ ಪ್ಲಾನು 299 ಆಯಿತು. ಆ ಏರಿಕೆ ಪತ್ರಿಕೆಗಳಲ್ಲಿ ಬಂತು, ಜನ ಬೈದರು, ಬೇರೆ ಕಂಪನಿಗೆ ನಂಬರ್ ಬದಲಿಸುವ ಮಾತಾಡಿದರು. ವರ್ಷಕ್ಕೆ ಹನ್ನೆರಡು ಸಲ ಹಾಕಿಸಿದರೆ 3,588, ಹದಿಮೂರು ಸಲ ಹಾಕಿಸಿದರೆ 3,887. ನಡುವಿನ 299 ರೂಪಾಯಿಗೆ ಯಾರೂ ಬೈಯುವುದಿಲ್ಲ. ಬೆಲೆ ಏರಿದರೆ ಸುದ್ದಿ. ತಿಂಗಳು ಕುಗ್ಗಿದರೆ ಅದು ಬರೀ ವ್ಯಾಲಿಡಿಟಿ.

ನಮ್ಮ ಪಂಚಾಂಗಕ್ಕೂ ಹದಿಮೂರನೆಯ ತಿಂಗಳೇನೂ ಹೊಸದಲ್ಲ. ಹನ್ನೆರಡು ಚಾಂದ್ರಮಾಸ ಕೂಡಿಸಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಆ ಬಾಕಿ ಬೆಳೆದು ಬೆಳೆದು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸವಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ಆಗ ಅಳಿಯನನ್ನು ಕರೆಸಿ, ಕೂರಿಸಿ, ಮೂವತ್ತಮೂರು ಅಪೂಪ ದಾನ ಕೊಡುವ ರೂಢಿ ಉತ್ತರ ಕರ್ನಾಟಕದ ಮನೆಗಳಲ್ಲಿದೆ. ಪಂಚಾಂಗದವರು ಸುಮಾರು ಮೂರು ವರ್ಷ ಕಾದು, ಸೂರ್ಯ ಚಂದ್ರರಿಬ್ಬರನ್ನೂ ಒಪ್ಪಿಸಿ ಒಂದು ತಿಂಗಳು ಸೇರಿಸುತ್ತಾರೆ. ಕಂಪನಿಯವರಿಗೆ ವರ್ಷ ವರ್ಷವೂ ಅಧಿಕಮಾಸ, ಸೂರ್ಯ ಚಂದ್ರರ ಹಂಗೂ ಇಲ್ಲ. ಅಳಿಯನ ಮಣೆಯ ಮೇಲೆ ಅವರೇ ಕೂತಿದ್ದಾರೆ.

ಬೇಡವೆನ್ನುವ ದಾರಿ ಮೊದಲು ಇತ್ತು. 2006ರ ಸುಮಾರಿಗೆ 999 ರೂಪಾಯಿ ಕೊಟ್ಟರೆ ಲೈಫ್‌ಟೈಮ್ ಎಂಬ ಸಿಮ್ಮು ಸಿಗುತ್ತಿತ್ತು. ಅದು ಗಿರಾಕಿಯ ಆಯುಸ್ಸಲ್ಲ, ಕಂಪನಿಯ ಲೈಸೆನ್ಸಿನ ಆಯುಸ್ಸು ಎಂಬುದು ಆಮೇಲೆ ತಿಳಿಯಿತು, ಆ ಮಾತು ಬೇರೆ. ತಿಂಗಳು ತಿಂಗಳು ಕರೆನ್ಸಿ ಹಾಕಿಸದಿದ್ದರೂ ಬರುವ ಕರೆ ಬರುತ್ತಿತ್ತು. ಊರಿನಲ್ಲಿರುವ ತಾಯಿ ಮಿಸ್ಡ್ ಕಾಲ್ ಕೊಡುವುದು, ಬೆಂಗಳೂರಿನ ಮಗ ತಿರುಗಿ ಮಾಡುವುದು, ಹೀಗೆ ಎಷ್ಟೋ ಸಂಸಾರಗಳ ಮಾತುಕತೆ ನಡೆದಿತ್ತು. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪನಿಗಳು ಇಪ್ಪತ್ತೆಂಟು ದಿನಕ್ಕೆ 35 ರೂಪಾಯಿಯಾದರೂ ಹಾಕಿಸಿ, ಇಲ್ಲವಾದರೆ ಕರೆ ಬರುವುದೂ ನಿಲ್ಲುತ್ತದೆ ಎಂದವು. ಅಲ್ಲಿಗೆ ಸುಮ್ಮನೆ ಫೋನು ಇಟ್ಟುಕೊಂಡವರೂ ಈ ಸಣ್ಣ ತಿಂಗಳಿಗೆ ಒಳಪಟ್ಟರು. ಆಗಿನ 35 ರೂಪಾಯಿ ಈಗ ಎಲ್ಲಿ ಮುಟ್ಟಿದೆ ಎನ್ನುವುದು ಹಾಕಿಸುವ ಎಲ್ಲರಿಗೂ ಗೊತ್ತು.

ತಾಲ್ಲೂಕಿನ ಬಸ್ ಸ್ಟ್ಯಾಂಡಿಗೆ ಅಂಟಿಕೊಂಡ ರೀಚಾರ್ಜ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಪದ ಹೇಗೆ ಬದುಕುತ್ತಿದೆ ಎಂದು ಕಿವಿಯಾರೆ ಕೇಳಬಹುದು. ಗಾಜಿನ ಮೇಲೆ ಅಂಟಿಸಿದ ದರಪಟ್ಟಿ; ಹಳೇ ದರದ ಮೇಲೆ ಬಿಳಿ ಕಾಗದದ ತುಂಡು, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೊಸ ದರ. ಅಜ್ಜಿಯೊಬ್ಬರು ಎಲೆಅಡಿಕೆ ಚೀಲದಿಂದ ಬಟನ್ ಫೋನು ತೆಗೆದುಕೊಟ್ಟರು. ಹಿಂದಿನ ಮುಚ್ಚಳ ಕಳಚದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಹುಡುಗ ಒತ್ತಿ ನೋಡಿದ.

"ಅಜ್ಜಿ, ನಿಮ್ದು ನಿನ್ನೇನೇ ಮುಗ್ದೋಗಿದೆ."

"ಹೆಂಗ್ ಮುಗೀತದೆ? ಹೋದ್ ತಿಂಗ್ಳು ಐದ್ನೇ ತಾರೀಖು ಹಾಕ್ಸಿದ್ದು ನಾನು. ಇವತ್ತಿನ್ನೂ ಎರಡು."

"ತಿಂಗ್ಳಲ್ಲ ಅಜ್ಜಿ, ಇಪ್ಪತ್ತೆಂಟು ದಿನ."

"ತಿಂಗ್ಳದ್ದು ಹಾಕು ಅಂತ್ಲೇ ಅಲ್ವೇನಪ್ಪ ನಾನು ಹೇಳಿದ್ದು?"

"ತಿಂಗ್ಳದ್ದು ಅಂದ್ರೆ ಅದೇ ಅಜ್ಜಿ."

ಹುಡುಗ ಸುಳ್ಳು ಹೇಳಲಿಲ್ಲ. ಅಂಗಡಿಯ ಭಾಷೆಯಲ್ಲಿ ಇಪ್ಪತ್ತೆಂಟಕ್ಕೆ ತಿಂಗಳದ್ದು, ಐವತ್ತಾರಕ್ಕೆ ಎರಡು ತಿಂಗಳದ್ದು, ಎಂಬತ್ತನಾಲ್ಕಕ್ಕೆ ಮೂರು ತಿಂಗಳದ್ದು ಎಂದೇ ಹೆಸರು. ಕ್ಯಾಲೆಂಡರಿನಲ್ಲಿ ಸಾಲಾಗಿ ಬರುವ ಯಾವ ಮೂರು ತಿಂಗಳು ಸೇರಿಸಿದರೂ ಎಂಬತ್ತೊಂಬತ್ತಕ್ಕೆ ಕಡಿಮೆ ಬರುವುದಿಲ್ಲ. ಆದರೆ ಕಂಪನಿಯ ಜಾಹೀರಾತನ್ನು ಕನ್ನಡಕ ಹಾಕಿಕೊಂಡು ಓದಿ. ಅಲ್ಲಿ ತಿಂಗಳು ಎಂಬ ಮಾತೇ ಇರುವುದಿಲ್ಲ. 28 ದಿನ ಎಂದಷ್ಟೇ ಇರುತ್ತದೆ. ತಿಂಗಳು ಎಂದವರು ನಾವು, ನಂಬಿದವರೂ ನಾವು.

ಜಾಣತನ ಇರುವುದು ಇಲ್ಲೇ. 1897ರ ಜನರಲ್ ಕ್ಲಾಸಸ್ ಆಕ್ಟ್ ಎಂಬ ಕಾಯ್ದೆ ಈಗಲೂ ಜಾರಿಯಲ್ಲಿದೆ. ಬೇರೆ ಕಾಯ್ದೆಗಳಲ್ಲಿ ಬರುವ ಪದಗಳಿಗೆ ಅರ್ಥ ಹೇಳುವ ಕಾಯ್ದೆ ಅದು, ಸರಕಾರದ ನಿಘಂಟು ಎಂದರೂ ಸರಿ. ಅದರ ಪ್ರಕಾರ ತಿಂಗಳೆಂದರೆ ಬ್ರಿಟಿಷ್ ಕ್ಯಾಲೆಂಡರಿನಂತೆ ಎಣಿಸಿದ ತಿಂಗಳು. ಆ ಪದ ಬಾಯಿಂದ ಬಂದರೆ ಮೂವತ್ತೊಂದರವರೆಗೂ ಲೆಕ್ಕ ಒಪ್ಪಿಸಬೇಕಾದೀತು. ಪದವನ್ನೇ ಆಡದಿದ್ದರೆ ಆ ಗೋಜೇ ಇಲ್ಲ. ಕಾಯ್ದೆ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುತ್ತಾರೆ.

ದೂರು ಹೆಚ್ಚಾದ ಮೇಲೆ ದೂರಸಂಪರ್ಕ ನಿಯಂತ್ರಕ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಬಗೆಯ ವೋಚರಿನಲ್ಲೂ ಮೂವತ್ತು ದಿನದ್ದು ಕನಿಷ್ಠ ಒಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸುವಂಥದ್ದು ಕನಿಷ್ಠ ಒಂದು ಇರಲೇಬೇಕು. ಜನವರಿ ಮೂವತ್ತೊಂದಕ್ಕೆ ಹಾಕಿಸಿದವನು ಫೆಬ್ರವರಿಯಲ್ಲಿ ಏನು ಮಾಡಬೇಕು ಎಂಬುದಕ್ಕೂ ಅದರಲ್ಲಿ ಉತ್ತರ ಇತ್ತು: ಆ ತಾರೀಖು ಇಲ್ಲದ ತಿಂಗಳಲ್ಲಿ ಕೊನೆಯ ದಿನ. ಒಂದು ದೇಶದ ದೂರಸಂಪರ್ಕ ಪ್ರಾಧಿಕಾರ ಕೂತು ತಿಂಗಳೆಂದರೇನು ಎಂದು ಕಂಪನಿಗಳಿಗೆ ಪಾಠ ಹೇಳಬೇಕಾಗಿ ಬಂತು. ಕಂಪನಿಗಳು ವಿಧೇಯ ವಿದ್ಯಾರ್ಥಿಗಳಂತೆ ಕೇಳಿಸಿಕೊಂಡವು. ಕನಿಷ್ಠ ಒಂದು ಎಂದಿದ್ದಕ್ಕೆ ಒಂದೋ ಎರಡೋ ಇಟ್ಟವು. ಆ್ಯಪ್ ತೆರೆದ ಕೂಡಲೇ ಹೊಳೆಯುವುದು ಇಪ್ಪತ್ತೆಂಟರ ಸಾಲು. ತಿಂಗಳ ತಾರೀಖಿನ ಪ್ಲಾನು ಬೇಕಾದವರು ಬೆರಳು ಸವೆಯುವ ತನಕ ಕೆಳಗೆ ಸರಿಸಬೇಕು.

ಹಾಗಾದರೆ ಕಂಪನಿಗಳಿಗೆ ತಿಂಗಳೆಂಬ ಪದದ ಮೇಲೆ ಸಿಟ್ಟೇ? ಇಲ್ಲ. ದಿನ ಎಣಿಸಿಕೊಡುವಾಗ ಮಾತ್ರ ಅದು ಬೇಡ. ದುಡ್ಡು ಎಣಿಸಿಕೊಳ್ಳುವಾಗ ಅದರಷ್ಟು ಪ್ರೀತಿಯ ಪದ ಇನ್ನೊಂದಿಲ್ಲ. ನಲವತ್ತು ಸಾವಿರದ ಫೋನಿನ ಮುಂದೆ "ತಿಂಗಳಿಗೆ ಇಷ್ಟೇ" ಎಂದು ಬರೆದು, ಒಟ್ಟು ಎಷ್ಟೆಂಬುದನ್ನು ಇರುವೆಯ ಗಾತ್ರದ ಅಕ್ಷರದಲ್ಲಿ ಕೆಳಗಿಡುತ್ತಾರೆ. ಕಾರು ಕೊಂಡ ಮೇಲೂ ಬಿಡುವುದಿಲ್ಲ. 2022ರಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೊರಿಯಾ ಮುಂತಾದ ಕಡೆ, ಕಾರಿನಲ್ಲಿ ಆಗಲೇ ಇರುವ ಸೀಟಿನ ಹೀಟರನ್ನು ಚಾಲೂ ಮಾಡಲು ತಿಂಗಳ ಬಾಡಿಗೆ ಇಟ್ಟಿತು. ಜನ ಛೀಮಾರಿ ಹಾಕಿದ ಮೇಲೆ, ಮರುವರ್ಷ ಅದನ್ನು ಕೈಬಿಟ್ಟಿತು.

ಕಂಪ್ಯೂಟರಿನ ಲೋಕದಲ್ಲಿ ಈ ಪದ ಇನ್ನೊಂದು ವೇಷ ಹಾಕಿದೆ. ಅಡೋಬಿಯ ಒಂದು ಪ್ಲಾನು ವರ್ಷದ್ದು, ಹಣ ಮಾತ್ರ ತಿಂಗಳ ತಿಂಗಳು. ತಿಂಗಳು ಎಂದು ನೋಡಿ ಸೇರಿದವರು ನಡುವೆ ಬಿಡಲು ಹೋದರೆ ಉಳಿದ ತಿಂಗಳುಗಳ ಅರ್ಧ ಹಣ ದಂಡ. ಈ ದಂಡವನ್ನು ಮುಚ್ಚಿಟ್ಟು ಜನರನ್ನು ಸೇರಿಸಿಕೊಂಡಿತು ಎಂದು 2024ರ ಜೂನ್‌ನಲ್ಲಿ ಅಮೆರಿಕ ಸರಕಾರ ಮೊಕದ್ದಮೆ ಹೂಡಿತು. ಅಮೆಜಾನಿನದು ಇನ್ನೂ ಸ್ವಾರಸ್ಯ. ಪ್ರೈಮ್ ಸದಸ್ಯತ್ವ ರದ್ದುಮಾಡುವ ದಾರಿಗೆ ಕಂಪನಿಯ ಒಳಗಿನವರೇ ಇಟ್ಟುಕೊಂಡ ಹೆಸರು ಇಲಿಯಡ್ ಎಂದು ಅಲ್ಲಿನ ವ್ಯಾಪಾರ ಆಯೋಗದ 2023ರ ದೂರು ಹೇಳುತ್ತದೆ. ಇಲಿಯಡ್ ಗ್ರೀಕರ ಯುದ್ಧದ ಮಹಾಕಾವ್ಯ. ಸೇರಲು ಒಂದೆರಡು ಒತ್ತು ಸಾಕಾಗಿದ್ದ ಕಡೆ, ಬಿಡಲು ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆ ದಾಟಬೇಕಿತ್ತು. ಹೆಸರಿಟ್ಟವರಿಗೆ ಸಾಹಿತ್ಯದ ಅಭಿರುಚಿ ಇತ್ತು ಎನ್ನಲೇಬೇಕು. 2025ರ ಸೆಪ್ಟೆಂಬರಿನಲ್ಲಿ ಆ ಮೊಕದ್ದಮೆ ಎರಡೂವರೆ ಬಿಲಿಯನ್ ಡಾಲರಿಗೆ ರಾಜಿಯಾಯಿತು.

ನಮ್ಮಲ್ಲೂ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಹದಿಮೂರು ಕುತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಚಂದಾದ ಬಲೆ ಅವುಗಳಲ್ಲೊಂದು. ಅದಕ್ಕೂ ಮೊದಲೇ, 2021ರ ಅಕ್ಟೋಬರಿನಿಂದ, ಕಾರ್ಡಿನಿಂದ ತಾನಾಗಿ ಹಣ ಕತ್ತರಿಸುವವರು ಒಂದು ದಿನ ಮುಂಚೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಎಂದೋ ಸೇರಿ ಮರೆತ ಚಂದಾಗಳು ನೆನಪಾದದ್ದು ಆ ಮೆಸೇಜಿನಿಂದಲೇ. ಇಪ್ಪತ್ತೆಂಟು ದಿನ ಮಾತ್ರ ಈ ಯಾವ ಪಟ್ಟಿಗೂ ಬರುವುದಿಲ್ಲ. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ದಪ್ಪಕ್ಷರದಲ್ಲೇ ಬರೆದಿರುತ್ತಾರೆ. ಎಲ್ಲರ ಎದುರಿಗೇ, ರಸೀದಿ ಕೊಟ್ಟು, ಎರಡು ದಿನ ಕಳಚಿಕೊಳ್ಳುತ್ತಾರೆ.

ಈ ಎರಡು ದಿನದ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಪೋಸ್ಟ್‌ಪೇಯ್ಡ್ ಇರುವವರಿಗೆ ಬಿಲ್ಲು ಕ್ಯಾಲೆಂಡರಿನ ತಿಂಗಳಿಗೇ ಬರುತ್ತದೆ. ವರ್ಷದ್ದು ಒಟ್ಟಿಗೇ ಕಟ್ಟಬಲ್ಲವರಿಗೆ 365 ದಿನ ಪೂರ್ತಿ ಸಿಗುತ್ತದೆ. ಕೈಯಲ್ಲಿ ಒಮ್ಮೆಗೆ ಮುನ್ನೂರಷ್ಟೇ ಇರುವವರಿಗೆ ಸಣ್ಣ ತಿಂಗಳು. ಅವರ ಕೈಗೆ ಬರುವ ದುಡ್ಡಾದರೋ ದೊಡ್ಡ ತಿಂಗಳಿನದು. ಸಂಬಳದ ಅವಧಿ ಒಂದು ತಿಂಗಳು ಮೀರಬಾರದು ಎಂದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇದೆ. ಯಾವ ಮಾಲೀಕನೂ ಅದನ್ನು ಇಪ್ಪತ್ತೆಂಟಕ್ಕೆ ಇಳಿಸಲು ಹೋದದ್ದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯೂ ತಿಂಗಳದ್ದೇ. ಅದು ಒಮ್ಮೊಮ್ಮೆ ಎರಡು ಮೂರು ತಿಂಗಳು ತಡೆದು ಬರುವುದೂ ಉಂಟು. ಹಣ ಬಂತೆಂದು ತಿಳಿಸುವ ಮೆಸೇಜಿಗೂ ಸಿಮ್ಮು ಜೀವಂತ ಇರಬೇಕು. ಸರಕಾರದ ತಿಂಗಳು ಹಿಗ್ಗುತ್ತದೆ, ಕಂಪನಿಯ ತಿಂಗಳು ಕುಗ್ಗುತ್ತದೆ; ಸಿಕ್ಕಿಕೊಂಡವರು ನಡುವಿನವರು.

ಬಿಸ್ಕತ್ತಿನ ಪೊಟ್ಟಣದ ಮೇಲೆ ಈಗ ಒಟ್ಟು ಬೆಲೆಯ ಜೊತೆಗೆ ಗ್ರಾಮಿಗೆ ಎಷ್ಟು ಬಿತ್ತು ಎಂದೂ ಅಚ್ಚು ಹಾಕಬೇಕು. ಪೊಟ್ಟಣ ಸದ್ದಿಲ್ಲದೆ ಹಗುರವಾಗುವುದನ್ನು ಹಿಡಿಯಲು ಅದು ಒಳ್ಳೆಯ ಉಪಾಯ. ಪ್ಲಾನುಗಳಿಗೂ ಅದೇ ಬರಲಿ. 299ರ ಪಕ್ಕದಲ್ಲಿ ದಿನಕ್ಕೆ 10 ರೂಪಾಯಿ 68 ಪೈಸೆ ಎಂದು ಅದೇ ದಪ್ಪದ ಅಕ್ಷರದಲ್ಲಿ ಬರೆಯಲಿ. ಆಗ ಯಾರ ತಿಂಗಳು ಎಷ್ಟುದ್ದ ಎಂಬ ತಕರಾರೇ ಇರುವುದಿಲ್ಲ. ಅದೂ ಆಗದು, ನಾಲ್ಕು ವಾರದ ಲೆಕ್ಕವೇ ಚೆಂದ, ಜನಕ್ಕೆ ನೆನಪಿಡಲು ಸಲೀಸು ಎನ್ನುವುದಾದರೆ ಅದಕ್ಕೂ ತಕರಾರಿಲ್ಲ. ಮೊದಲು ತಮ್ಮ ನೌಕರರಿಗೆ ಇಪ್ಪತ್ತೆಂಟು ದಿನಕ್ಕೊಮ್ಮೆ, ವರ್ಷಕ್ಕೆ ಹದಿಮೂರು ಸಲ, ಪೂರ್ತಿ ಸಂಬಳ ಕೊಟ್ಟು ತೋರಿಸಲಿ.