ಎರಡು ಸೈಲೆನ್ಸರ್, ಒಂದೇ ಕಡಿ ಬಿಸಿ

ನಮ್ಮ ಕಡಿ ಹೆಣ್ಮಕ್ಕಳಿಗೆ ಯೆಜ್ಡಿ ಗಾಡಿ ಅಂದ್ರ ಮೊದ್ಲು ನೆನಪಾಗೂದು ಅದರ ಸಪ್ಪಳ. ಗಾಡಿ ಇನ್ನಾ ಅಗಸಿ ಮುಟ್ಟಿರ್ತಿದ್ದಿಲ್ಲ, ಒಲಿ ಮುಂದ ಕುಂತಾಕಿ "ಬಂದ್ರು" ಅಂತ ತಿಳ್ಕೊಂಡು ಚಹಾಕ್ಕ ನೀರಿಡ್ತಿದ್ಲು. ಹಿಂದ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್ ಇರೂದು ನೋಡಿ ನಮ್ಮ ಚೀಕಲಪರ್ವಿಯೊಳಗ ಭಾಳ ಮಂದಿ ಅದನ್ನ ಎರಡು ಸಿಲಿಂಡರಿನ ಗಾಡಿ ಅಂತನ ತಿಳಿದಿದ್ರು. ಹಂಗಲ್ಲ. ಊರೂರು ತಿರುಗಿದ ಯೆಜ್ಡಿ 250 ಒಂದೇ ಸಿಲಿಂಡರಿಂದು. ಆ ಒಂದರಿಂದ ಹೊಗಿ ಹೊರಗ ಹೋಗ್ಲಿಕ್ಕೆ ಎರಡು ದಾರಿ ಮಾಡಿದ್ರು, ಅಷ್ಟ. ಖರೇನ ಎರಡು ಸಿಲಿಂಡರ್ ಇದ್ದ ಯೆಜ್ಡಿ ಬ್ಯಾರೆ. ಅದು ಬಂದದ್ದು ಭಾಳ ಕಮ್ಮಿ, ಬಂದದ್ದೂ ತಡಾ ಮಾಡಿ. ಅಂಥಾದೊಂದು ನಮ್ಮ ಸೋದರಮಾವನ ಮನ್ಯಾಗ ಅದ.

ಮೊದ್ಲು ಈ ಗಾಡಿ ಹುಟ್ಟಿದ ಕಥಿ ಕೇಳ್ರಿ. 1929ರಾಗ ಪ್ರಾಗ್ ಪಟ್ಟಣದಾಗ ಫ್ರಾಂಟಿಶೆಕ್ ಯಾನೆಚೆಕ್ ಅನ್ನಾವ ಜರ್ಮನಿಯ ವಾಂಡರರ್ ಕಂಪನಿ ಕಡಿಂದ ಮೋಟಾರ್‌ಸೈಕಲ್ ಮಾಡೂ ಹಕ್ಕು ತಗೊಂಡ. ಅವನ ಹೆಸರಿನ ಮೊದಲಿನ ಎರಡು ಇಂಗ್ಲಿಷ್ ಅಕ್ಷರ, ವಾಂಡರರ್‌ನ ಎರಡಕ್ಷರ ಕೂಡಿಸಿ ಜಾವಾ ಆತು. ಮುಂದ 30 ವರ್ಷಕ್ಕ ಅದ ಗಾಡಿ ಮೈಸೂರಿಗೆ ಬಂತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅನ್ನಾವ್ರು ಯಾದವಗಿರಿಯೊಳಗ ಐಡಿಯಲ್ ಜಾವಾ ಕಾರ್ಖಾನಿ ಹಾಕಿದ್ರು. ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದ್ರು. 1961ರಿಂದ ಗಾಡಿ ಹೊರಗ ಬೀಳ್ಲಿಕತ್ವು. 1970ರ ದಶಕದಾಗ ಹೆಸರು ಯೆಜ್ಡಿ ಅಂತ ಬದಲಾತು. ಇರಾನ್ ದೇಶದ ಯಜ್ದ್ ಊರಿನ ಹೆಸರು ಅದು. ಹೆಸರು ಇರಾನಿಂದು, ಇಂಜಿನ್ ಚೆಕ್‌ದು, ಕೈ ಮೈಸೂರಿಂದು.

ನಮ್ಮ ಕಡಿ ಇದು ಯಾಕ ಹಿಡಿಸ್ತು ಅಂದ್ರ, ತುಂಗಭದ್ರಾ ಎಡದಂಡಿ ಕಾಲುವಿ ನೀರು ಬಂದು ಮಾನ್ವಿ, ಸಿಂಧನೂರು ಕಡಿ ಭತ್ತ ಬೆಳಿಲಿಕತ್ತ ಮ್ಯಾಲ ಜನರ ಕೈಯಾಗ ನಾಕು ರೊಕ್ಕ ಆಡಿದ್ವು. ರಸ್ತೆ ಮಾತ್ರ ಹಂಗ ಇದ್ವು. ಕಾಲುವಿ ದಂಡಿ, ಎರಿ ಮಣ್ಣಿನ ಕೆಸರು. ಅದರಾಗ ಹಾಲಿನ ಕ್ಯಾನು, ಬೀಜದ ಚೀಲ, ಹಿಂದೊಬ್ಬಾಕಿ, ಮುಂದ ಟ್ಯಾಂಕಿ ಮ್ಯಾಲೊಂದು ಕೂಸು ಹೊತ್ಕೊಂಡು ಹೋಗೂ ಗಾಡಿ ಬೇಕಿತ್ತು. ಕೆಟ್ರ ಊರಾಗ ಬಿಚ್ಚಿ ಊರಾಗ ಜೋಡಿಸೂವಂಗಿರ್ಬೇಕಿತ್ತು. ಯೆಜ್ಡಿ ಹಂಗಿತ್ತು. ಕಿಕ್ ಹೊಡಿಯೂ ಲಿವರ್, ಗೇರ್ ಹಾಕೂ ಲಿವರ್ ಎರಡೂ ಒಂದ. ಇಂಜಿನ್ನಿಗೆ ಬ್ಯಾರೆ ಆಯಿಲ್ ಟ್ಯಾಂಕ್ ಇಲ್ಲ, ಪೆಟ್ರೋಲಿನ್ಯಾಗ ಕಲಸಿ ಹಾಕೂದು.

ಎರಡು ಸಿಲಿಂಡರ್ ಯಾಕ ಅಂದ್ರಿ? ಒರಳಾಗ ಒಬ್ಬಾಕಿನ ಒನಕಿ ಹಿಡದು ಕುಟ್ಟೂದು ನೋಡೀರಿ. ಧಪ್, ಒಂದಿಷ್ಟು ಹೊತ್ತು ಸುಮ್ಮ, ಮತ್ತ ಧಪ್. ಅದ ಇಬ್ಬರು ಎದುರಾಬದುರು ನಿಂತು ಕುಟ್ಟಿದ್ರ ಒಬ್ಬಾಕಿ ಒನಕಿ ಮ್ಯಾಲ ಹೋದಾಗ ಇನ್ನೊಬ್ಬಾಕಿದು ಕೆಳಗ. ಎಡಿ ತಪ್ಪೂದಿಲ್ಲ, ಹಾಡೂ ಹೇಳ್ಬಹುದು. ಇಂಜಿನ್ನಿನ್ಯಾಗೂ ಅದ ಲೆಕ್ಕ. ಇಂಗ್ಲೆಂಡಿನ ಆಲ್ಫ್ರೆಡ್ ಸ್ಕಾಟ್ ಅನ್ನಾವ 1908ರಾಗ ಇಂಥಾ ಜೋಡಿ ಸಿಲಿಂಡರಿನ ಟೂ-ಸ್ಟ್ರೋಕ್ ಗಾಡಿ ಮಾರಾಟಕ್ಕ ತಂದಿದ್ದ. ಆದ್ರ ಇಬ್ಬರಾಗ ಒಬ್ಬಾಕಿ ತಾಳ ತಪ್ಪಿದ್ಲೋ, ಇನ್ನೊಬ್ಬಾಕಿ ತೋಳು ಬಿದ್ದು ಹೋಗ್ತಾವ.

ನಮ್ಮ ದೇಶದಾಗ 1983ರಾಗ ಫರೀದಾಬಾದಿನ ಎಸ್ಕಾರ್ಟ್ಸ್‌ದವ್ರು ಯಮಾಹಾ ಜೋಡಿ ಕೂಡಿ ರಾಜದೂತ್ 350 ಬಿಟ್ರು, ಅದು ಎರಡು ಸಿಲಿಂಡರಿಂದು. ಮೈಸೂರಿನವ್ರೂ ಆ ದಶಕದಾಗ ಚೆಕ್‌ದ ಜಾವಾ 350 ಮಾದರಿ ಮ್ಯಾಲ ಯೆಜ್ಡಿ ಟ್ವಿನ್ ಮಾಡಿದ್ರು. ಹೆಸರಿಗೆ 350, ಅಳತಿ 343 ಸಿ.ಸಿ. ಆದ್ರ ಅಷ್ಟರಾಗ 1984ರಾಗ ಇಂಡ್-ಸುಜುಕಿ, 1985ರಾಗ ಹೀರೋ ಹೋಂಡಾ ಸಿಡಿ 100 ಬಂದುಬಿಟ್ಟಿದ್ವು. ಲೀಟರಿಗೆ ಎಷ್ಟು ಕೊಡ್ತದ ಅಂತ ಕೇಳೂ ಕಾಲ ಸುರು ಆಗಿತ್ತು. ಪೆಟ್ರೋಲ್ ಕುಡಿಯೂ ಜೋಡಿ ಸಿಲಿಂಡರ್ ಯಾರಿಗೆ ಬೇಕು? 1996ರಾಗ ಮೈಸೂರಿನ ಕಾರ್ಖಾನಿನ ಮುಚ್ಚಿತು. 2018ರಾಗ ಜಾವಾ, 2022ರಾಗ ಯೆಜ್ಡಿ ಅನ್ನೂ ಹೆಸರು ಮತ್ತ ಬಂದಾವ, ಆದ್ರ ಆ ಗಾಡಿಗಳ ಇಂಜಿನ್ ಪೂರ್ತಿ ಬ್ಯಾರೆ. ಹಳೇ ಟ್ವಿನ್ ಇದ್ದವ್ರಿಗೆ ಅವುಗಳ ಸಾಮಾನು ಉಪಯೋಗಿಲ್ಲ.

ನಮ್ಮ ಮಾವ ಟ್ವಿನ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. "ನಾ ನಿನ್ನ ಮರೆಯಲಾರೆ" ಸಿನಿಮಾದಾಗ ರಾಜಕುಮಾರ್ ಮೋಟಾರ್‌ಸೈಕಲ್ ರೇಸಿನಾವ ಆಗ್ಯಾರಲ್ಲ, ಅದರ ಹುಚ್ಚು ಅವಗ ಹೋಗೇ ಇದ್ದಿಲ್ಲ. ಮಾವ ತೀರಿದ ಮ್ಯಾಲ ಗಾಡಿ ದನದ ಕೊಟ್ಟಿಗ್ಯಾಗ ಗೋಣಿತಟ್ಟು ಹೊದ್ಕೊಂಡು ಕುಂತಿತು. ಮೈದುನಂದಿರು ಗುಜರಿಗೆ ತೂಕ ಹಾಕ್ರಿ ಅಂತ ಗಂಟು ಬಿದ್ರು. ಅತ್ತಿ ಒಪ್ಪಲಿಲ್ಲ. ಆಕಿಗೆ ಗಾಡಿ ಮ್ಯಾಲಿನ ಮಮತಾ ಒಂದ ಅಲ್ಲ. ಮನಿ, ಹೊಲ, ಗಾಡಿ, ಎಲ್ಲಾದರ ಕಾಗದ ಮಾವನ ಹೆಸರಿಲೆ ಇದ್ವು. ಇದೊಂದರ ಮ್ಯಾಲಾದ್ರೂ ನನ್ನ ಹೆಸರು ಬರ್ಲಿ, ಮಾರೂದಾದ್ರ ನಾ ಮಾರ್ತೀನಿ ಅನ್ನೂದು ಆಕಿ ಹಟ. ಗಂಡ ತೀರಿದ್ರ ಆರ್‌ಸಿ ಹೆಂಡತಿ ಹೆಸರಿಗೆ ಮಾಡಿಸ್ಲಿಕ್ಕೆ ಫಾರ್ಮ್ 31 ಅಂತ ಅದ, ನಮ್ಮವ್ರು ಗೊತ್ತು ಮಾಡ್ಕೊಂಡಿರ್ರಿ. ಆದ್ರ ಗಾಡಿಗೆ 15 ವರ್ಷ ಮೀರಿದ್ರ ನೋಂದಣಿನೂ ಹೊಸದು ಮಾಡಿಸ್ಬೇಕು, ಅದು ಫಾರ್ಮ್ 25. ಅದಕ್ಕ ಗಾಡಿ ರಾಯಚೂರಿಗೆ ಒಯ್ದು ತೋರಿಸ್ಬೇಕು. ತೋರಿಸ್ಬೇಕಂದ್ರ ಅದು ನೆಟ್ಟಗ ಓಡ್ಬೇಕು.

ಓಡ್ತಿದ್ದಿಲ್ಲ. ಕಿಕ್ ಹೊಡದ್ರ ಸುರು ಆಗ್ತಿತ್ತು, ಆದ್ರ ಮಿಸ್ಸಿಂಗ್. ಧಡ್ ಧಡ್, ಭುಸ್, ಧಡ್, ಭುಸ್. ಗಾಡಿ ಪೂರ್ತಿ ಮೈ ಕೊಡವಿ ನಡಗೂದು. ಪ್ಯಾಟಿ ಮೆಕ್ಯಾನಿಕ್ ಒಬ್ಬಾವ ಬಂದು ಕಿವಿ ಇಟ್ಟು ಕೇಳಿ "ಎರಡೂ ಬೋರ್ ಮಾಡಿಸ್ಬೇಕು, ಇಂಜಿನ್ ಇಳಿಸ್ಬೇಕು" ಅಂದ. ಅವ ಹೇಳಿದ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತು.

ಮಾವನ ಜೋಡಿ ಗಾಡಿ ಬಿಚ್ಚಿ ಆಡ್ತಿದ್ದ ಹಳೇ ಮಿಸ್ತ್ರಿ ಕಾಕಾನ್ನ ಅತ್ತಿ ಕರಿಸಿದ್ಲು. ಕಣ್ಣು ಮಂಜಾಗ್ಯಾವ, ಕೈ ಗಟ್ಟಿ ಅದ. ಅವ ಕುಂತಲ್ಲೇ "ಎರಡು ನಿಮಿಷ ಓಡಿಸಿ ಇಂಜಿನ್ ಹತ್ರ ಪೈಪಿನ ಮ್ಯಾಲ ನೀರು ಚಿಮುಕಿಸಮ್ಮ, ರೊಟ್ಟಿ ಹಂಚಿಗೆ ಚಿಮುಕಿಸಿದಂಗ" ಅಂದ. ಅತ್ತಿ ಚಿಮುಕಿಸಿದ್ಲು. ಎಡಗಡಿ ಪೈಪು ಚುಂಯ್ ಅಂತು. ಬಲಗಡಿ ಹನಿ ಹಂಗ ಕುಂತು ಜಾರಿತು. ಬಲಗಡಿ ಸಿಲಿಂಡರ್ ಬರೇ ಹೆಸರಿಗೆ ತಿರುಗ್ತಿತ್ತು, ಭಾರ ಎಲ್ಲಾ ಎಡಗಡಿದಕ್ಕ.

ಈಗ ಕಾಕಾ ಹೇಳಿದ್ದು ನಮ್ಮ ಗ್ಯಾಸ್ ಒಲಿ ಲೆಕ್ಕನ. ಎರಡೂ ಬರ್ನರ್ ಸಣ್ಣಾಗಿದ್ರ ಸಿಲಿಂಡರ್ ಖಾಲಿ. ಒಂದ ಸಣ್ಣಾಗಿದ್ರ ಅದರ ತೂತು ಕಟ್ಟ್ಯಾವ. ಈ ಗಾಡ್ಯಾಗ ಪೆಟ್ರೋಲ್, ಕಾರ್ಬೊರೇಟರ್, ಬ್ಯಾಟರಿ ಎರಡಕ್ಕೂ ಕೂಡಿ ಒಂದ. ಎಡಗಡಿದು ಛಂದ ನಡದದ ಅಂದ ಮ್ಯಾಲ ಅವನ್ನ ಮೊದ್ಲ ಬಿಚ್ಚೂ ಕಾರಣಿಲ್ಲ. ರಾಜದೂತ್ 350 ಆಗಿದ್ರ ಈ ಮಾತು ನಡೀತಿದ್ದಿಲ್ಲ, ಅದಕ್ಕ ಕಾರ್ಬೊರೇಟರೂ ಎರಡು. ನಮ್ಮದರಾಗ ಬ್ಯಾರೆ ಬ್ಯಾರೆ ಇದ್ದದ್ದು ಪ್ಲಗ್, ಕಾಯಿಲ್, ಪಾಯಿಂಟ್, ಕಂಡೆನ್ಸರ್. ಅವನ್ನ ಎಡಕ್ಕಿದ್ದದ್ದು ಬಲಕ್ಕ, ಬಲಕ್ಕಿದ್ದದ್ದು ಎಡಕ್ಕ, ಒಂದೊಂದ ಅದಲಿಬದಲಿ ಮಾಡಿ ನೋಡೂದು. ಎರಡು ಒಮ್ಮಿಗೇ ಬದಲಾಯಿಸಿದ್ರ ಏನೂ ತಿಳಿಯಂಗಿಲ್ಲ.

ಅದಕ್ಕೂ ಮೊದ್ಲು ಬೋರಿನ ಮಾತು ಮುಗಿಸಿದ. ಎರಡೂ ಪ್ಲಗ್ ತಗದು, ತೂತಿನ ಮ್ಯಾಲ ಹೆಬ್ಬೆರಳು ಒತ್ತಿ ಹಿಡಿ ಅಂತ ನನಗ ಹೇಳಿ, ನನ್ನ ತಮ್ಮನ ಕೈಲಿ ಕಿಕ್ ಹೊಡಿಸಿದ. ಗಾಳಿ ಹೆಬ್ಬೆರಳು ಎತ್ತಿ ಒಗೀತು. ಎಡಕ್ಕ ಎಷ್ಟೋ ಬಲಕ್ಕೂ ಅಷ್ಟ. "ಬೋರ್ ಸವದಿದ್ರ ಇಷ್ಟು ದಬ್ಬತಿದ್ದಿಲ್ಲ. ಎಮ್ಮಿ ಉಳೀತು ನೋಡಮ್ಮ" ಅಂದ ಅತ್ತಿಗೆ.

ಪ್ಲಗ್ ನೋಡೂದು ರೊಟ್ಟಿ ನೋಡಿದಂಗ. ಎಡಗಡಿದು ಹದಕ್ಕ ಬೆಂದ ಕಂದು ಬಣ್ಣ, ಬಲಗಡಿದು ಕರ್ರಗ ಜಿಡ್ಡು. ಎರಡೂ ಒರೆಸಿ ಅದಲಿಬದಲಿ ಮಾಡಿದ್ವಿ. ಮತ್ತ ಬಲಗಡಿನ ತಣ್ಣಗ. ಕಾಯಿಲ್ ಬದಲಿ ಮಾಡಿದ್ವಿ, ಬಲಗಡಿನ. ಬಲಗಡಿ ಕವರ್ ಬಿಚ್ಚಿದ್ರ ಡೈನಮೋ ಹತ್ರ ಎರಡು ಪಾಯಿಂಟ್ ಅವ, ಒಂದೊಂದು ಸಿಲಿಂಡರಿಗೆ ಒಂದೊಂದು. ಒಂದರ ಮೂತಿ ಸುಟ್ಟು ಕರ್ರಗಾಗಿತ್ತು. ಅದನ್ನ ತಿಕ್ಕಿ, ನಡುವಿನ ಸಂದು 0.4 ಮಿ.ಮೀ. ಇಟ್ಟ ಮ್ಯಾಲ ಗಾಡಿ ಹಾಡಿತು. ತಮ್ಮ ಕುಣದಾಡಿದ. ಕಾಕಾ ಸುಮ್ಮನ ಬೀಡಿ ಹಚ್ಚಿಕೊಂಡು ದೂರ ಕುಂತ (ಪೆಟ್ರೋಲ್ ಹತ್ರ ಹಚ್ಚಬಾರದು ಅನ್ನೂ ಖಬರು ಇತ್ತು ಅವಗ). ಹತ್ತು ನಿಮಿಷಕ್ಕ ಮತ್ತ ಭುಸ್.

"ಪಾಯಿಂಟ್ ತಾನಾಗೆ ಸುಡೂದಿಲ್ಲ" ಅಂದ ಕಾಕಾ. ಪಾಯಿಂಟ್ ತೆರೆದಾಗ ಅಲ್ಲಿ ಕಿಡಿ ಹಾರದಂಗ ಕರೆಂಟ್ ಹಿಡ್ಕೊಳ್ಳೂದು ಕಂಡೆನ್ಸರ್ ಕೆಲಸ. ಅದು ಸತ್ರ ಕಿಡಿ ಪ್ಲಗ್ಗಿಗೆ ಹೋಗೂದು ಬಿಟ್ಟು ಪಾಯಿಂಟಿನ್ಯಾಗ ಹಾರ್ತದ. ಬಿಸಿ ಆದ ಮ್ಯಾಲ ಅಷ್ಟ ಕೈಕೊಡೂ ಕಂಡೆನ್ಸರ್ ಭಾಳ, ತಣ್ಣಗಿದ್ದಾಗ ಒಳ್ಳೇವರಂಗ ಇರ್ತಾವ. ಎರಡೂ ಕಂಡೆನ್ಸರ್ ಅದಲಿಬದಲಿ ಮಾಡಿದ್ವಿ. ಓಡಿಸಿದ್ವಿ. ಈ ಸಲ ಸುಮ್ಮನಾದದ್ದು ಎಡಗಡಿ. ಕಳ್ಳ ಜಾಗ ಬದಲಾಯಿಸಿ ಸಿಕ್ಕಿಬಿದ್ದ.

ಇದೂ ಅಲ್ಲಾಂದಿದ್ರ ಎರಡು ಸಿಲಿಂಡರ್ ಕೆಳಗ, ಕ್ರ್ಯಾಂಕಿನ ನಡುವಿನ ಸೀಲ್ ಹೋಗ್ಯದ ಅನ್ನೂ ಗುಮಾನಿ ಬರ್ತಿತ್ತು. ಅದಕ್ಕ ಮಾತ್ರ ಇಂಜಿನ್ ಬಿಚ್ಚದ ದಾರಿ ಇಲ್ಲ. ಪ್ಯಾಟಿಯಾವ ಕಡಿಗೆ ಹೇಳೂದನ್ನ ಮೊದ್ಲ ಹೇಳಿದ್ದ, ಅಷ್ಟ.

ಕಂಡೆನ್ಸರ್ ಮಾನ್ವ್ಯಾಗ ಸಿಕ್ತು, ಬ್ಯಾರೆ ಗಾಡಿಂದು, ನೂರರೊಳಗ. ಕಾಕಾ ಎರಡೂ ಕಡಿ ಹೊಸಾವ ಹಾಕಿ, ಎರಡೂ ಪಿಸ್ಟನ್ ಮ್ಯಾಲ ಮುಟ್ಟೂಕಿಂತ ತುಸು ಮೊದ್ಲ ಕಿಡಿ ಬರೂವಂಗ ಟೈಮಿಂಗ್ ಒಂದೊಂದಾಗಿ ಕೂಡಿಸಿದ. ಅತ್ತಿ ಮತ್ತ ನೀರು ಚಿಮುಕಿಸಿದ್ಲು. ಚುಂಯ್, ಚುಂಯ್. ಅಷ್ಟಕ್ಕ ಬಿಡ್ಲಿಲ್ಲ, ಅರ್ಧ ತಾಸು ಓಡಿಸಿ ಇನ್ನೊಮ್ಮಿ ಚಿಮುಕಿಸಿ ನೋಡಿದ್ಲು.

ತಮ್ಮ ಗಾಡಿ ರಾಯಚೂರಿಗೆ ಹೊಡಕೊಂಡು ಹೋದ, ಅತ್ತಿ ಹಿಂದ ಕುಂತು ಕಾಗದದ ಚೀಲ ಎದಿಗೆ ಒತ್ತಿ ಹಿಡ್ಕೊಂಡು ಹೋದ್ಲು. ಮೂರು ಸಲ ಅಡ್ಡಾಡಬೇಕಾತು, ಆದ್ರ ಆರ್‌ಸಿ ಮ್ಯಾಲ ಈಗ ಆಕಿ ಹೆಸರದ. ಮಾರ್ತಿ ಏನತ್ತಿ ಅಂತ ಕೇಳಿದ್ರ, "ಮೊದ್ಲು ಗಿರಾಕಿ ಬರ್ಲಿ, ಬ್ಯಾಡ ಅನ್ನೂದು ನನಗ ಬಿಟ್ಟದ್ದು" ಅಂತಾಳ.